ನೊರೆಯ ಅಡಿಯ ಗೆರೆ

ತಾಮ್ರ, ಸತು, ಸೀಸಗಳಂಥ ಲೋಹಗಳ ಅದಿರು ಗಣಿಯಿಂದ ಮೇಲೆ ಬಂದಾಗ ಅದರಲ್ಲಿ ಲೋಹಕ್ಕಿಂತ ಕಲ್ಲೇ ಹೆಚ್ಚಿರುತ್ತದೆ; ನೂರು ಕಿಲೋ ಅದಿರಿನಲ್ಲಿ ಒಂದು ಕಿಲೋ ತಾಮ್ರ ಇದ್ದರೂ ಇಂದಿನ ದಿನಮಾನಕ್ಕೆ ಅದು ಕಡೆಗಣಿಸುವಂಥ ಗಣಿಯಲ್ಲ. ಅಷ್ಟೂ ಕಲ್ಲನ್ನು ಕುಲುಮೆಗೆ ಸುರಿದು ಕರಗಿಸಹೊರಟರೆ ಇಂಧನದ ಖರ್ಚೇ ಲೋಹದ ಬೆಲೆಯನ್ನು ನುಂಗಿಹಾಕುವುದರಿಂದ, ಅದಿರನ್ನು ಮೊದಲು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಆ ರಾಡಿಯೊಳಗೆ ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಲೋಹವುಳ್ಳ ಕಣಗಳನ್ನಷ್ಟೇ ನೊರೆಯ ಜೊತೆಗೆ ಮೇಲೆತ್ತಿ ಬೇರೆ ಮಾಡುವ ವಿಧಾನವೊಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ನೊರೆ ತೇಲುವಿಕೆ ವಿಧಾನ ಎಂಬ ಹೆಸರಿದೆ. ಕೆಲಸ ಮಾಡುವವರ ಬಾಯಲ್ಲಿ ಅದು ಬರೀ ಫ್ಲೋಟೇಶನ್, ಆ ತೊಟ್ಟಿ ಬರೀ ಸೆಲ್, ಅದರೊಳಗಿನ ರಾಡಿ ಬರೀ ಸ್ಲರಿ. ಮಧ್ಯಪ್ರದೇಶದ ಮಲಂಜ್‌ಖಂಡದ ತಾಮ್ರವಾಗಲಿ, ರಾಜಸ್ಥಾನದ ರಾಂಪುರಾ ಆಗೂಚಾದ ಸತು ಮತ್ತು ಸೀಸವಾಗಲಿ ಕುಲುಮೆಯನ್ನು ಕಾಣುವ ಮೊದಲು ಈ ನೊರೆಯನ್ನು ದಾಟಿಯೇ ಹೋಗಬೇಕು. ಇಷ್ಟು ಹಳೆಯದಾದ, ಇಷ್ಟು ವ್ಯಾಪಕವಾದ ಈ ಉದ್ಯಮದಲ್ಲಿ ಇಂದಿಗೂ ಸುಲಭವಾಗಿ ಬಗೆಹರಿಯದ ಒಂದು ಪ್ರಶ್ನೆಯಿದೆ: ಸೆಲ್ಲಿನೊಳಗೆ ಸ್ಲರಿ ಎಲ್ಲಿಯವರೆಗೆ ಇದೆ, ನೊರೆ ಎಲ್ಲಿಂದ ಆರಂಭವಾಗುತ್ತದೆ?

ಈ ವಿಧಾನ ಉದ್ಯಮದ ಮಟ್ಟಕ್ಕೆ ಬೆಳೆದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಬ್ರೋಕನ್ ಹಿಲ್ ಎಂಬ ಗಣಿ ಊರಿನಲ್ಲಿ. ಅಲ್ಲಿಯ ಅದಿರಿನಿಂದ ಬೆಳ್ಳಿ ಮತ್ತು ಸೀಸವನ್ನು ತೆಗೆದ ಮೇಲೆ ಉಳಿಯುತ್ತಿದ್ದ ಸತುವನ್ನು ಬೇರ್ಪಡಿಸುವ ದಾರಿ ತಿಳಿಯದೆ, ಅದು ಊರಿನ ಪಕ್ಕದಲ್ಲೇ ಗುಡ್ಡಗಳಾಗಿ ಬೀಳುತ್ತಿತ್ತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಆ ಗುಡ್ಡಗಳಿಂದ ಸತುವನ್ನು ತೇಲಿಸಿ ತೆಗೆಯುವ ಉಪಾಯವನ್ನು ಬೇರೆಬೇರೆಯಾಗಿ ಕಂಡುಕೊಂಡವರಲ್ಲಿ ಚಾರ್ಲ್ಸ್ ಪಾಟರ್ ಮೂಲತಃ ಬಿಯರ್ ತಯಾರಕ, ಗಿಯೋಮ್ ಡೆಲ್‌ಪ್ರಾ ಅಲ್ಲಿಯ ಗಣಿ ಕಂಪನಿಯ ಮುಖ್ಯಾಧಿಕಾರಿ. ನೊರೆಯೊಡನೆ ದಿನವೂ ಒಡನಾಡಿದವನೊಬ್ಬನಿಗೆ ಈ ಉಪಾಯ ಹೊಳೆದದ್ದು ಅಚ್ಚರಿಯ ಮಾತೇನಲ್ಲ. ಗುಳ್ಳೆಗಳಿಗೆ ಗಾಳಿಯನ್ನೇ ಬಳಸಿ, ತೀರಾ ಕಡಿಮೆ ಎಣ್ಣೆಯಲ್ಲಿ ಕೆಲಸ ಮುಗಿಸುವ ಪೇಟೆಂಟು 1905ರಲ್ಲಿ ಬಂತು. ಒಂದೇ ಅದಿರಿನಲ್ಲಿರುವ ಎರಡು ಖನಿಜಗಳನ್ನು ಒಂದರ ನಂತರ ಒಂದರಂತೆ ಬೇರೆಬೇರೆಯಾಗಿ ತೇಲಿಸುವ ಕ್ರಮವನ್ನು 1912ರಲ್ಲಿ ಫ್ರಾನ್ಸಿಸ್ ಲೈಸ್ಟರ್ ಅದೇ ಊರಿನಲ್ಲಿ ಸಾಧಿಸಿದ.

ತೇಲುವಿಕೆಯ ಗುಟ್ಟು ತೂಕದಲ್ಲಿಲ್ಲ, ಒದ್ದೆಯಾಗುವ ಗುಣದಲ್ಲಿದೆ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಅಂಟದೆ ಮಣಿಯಂತೆ ಉರುಳುವ ಹಾಗೆ, ಕೆಲವು ರಾಸಾಯನಿಕಗಳನ್ನು ಸೇರಿಸಿದಾಗ ತಾಮ್ರದ ಸಲ್ಫೈಡ್ ಕಣಗಳ ಮೈ ನೀರನ್ನು ಒಲ್ಲೆನೆನ್ನುತ್ತದೆ. ಪಕ್ಕದ ಮರಳಿನ ಕಣ ಮಾತ್ರ ನೆನೆದೇ ಇರುತ್ತದೆ. ನೀರನ್ನು ಒಲ್ಲದ ಕಣಕ್ಕೆ ಗಾಳಿಯ ಗುಳ್ಳೆ ಸಿಕ್ಕಿದೊಡನೆ ಅದು ಗುಳ್ಳೆಗೆ ಅಂಟಿಕೊಂಡು ಮೇಲೇರುತ್ತದೆ. ಕಣಗಳಿಗೆ ಈ ಗುಣ ಕೊಡುವ ರಾಸಾಯನಿಕಕ್ಕೆ ಸಂಗ್ರಾಹಕ ಎಂದೂ, ಗುಳ್ಳೆಗಳು ಒಡೆಯದೆ ಸ್ವಲ್ಪ ಹೊತ್ತು ನಿಲ್ಲುವಂತೆ ಮಾಡುವ ಪೈನ್ ಎಣ್ಣೆಯಂಥ ವಸ್ತುವಿಗೆ ನೊರೆಕಾರಕ ಎಂದೂ ಹೆಸರು. ತೊಟ್ಟಿಯ ನಡುವೆ, ತಳದ ಹತ್ತಿರ ತಿರುಗುವ ರೋಟರ್ ಮಜ್ಜಿಗೆಯ ಕಡೆಗೋಲಿನಂತೆ ಸ್ಲರಿಯನ್ನು ಕಡೆಯುತ್ತ, ಒಳಬಿಟ್ಟ ಗಾಳಿಯನ್ನು ಒಂದೆರಡು ಮಿಲಿಮೀಟರ್ ಗಾತ್ರದ ಗುಳ್ಳೆಗಳಾಗಿ ಚೂರು ಮಾಡುತ್ತದೆ. ಕಡೆದ ಮೇಲೆ ಬೆಣ್ಣೆ ಮೇಲೆ ಬರುವಂತೆ ಲೋಹದ ಕಣಗಳನ್ನು ಹೊತ್ತ ನೊರೆ ಮೇಲೆ ಕಟ್ಟಿ, ತೊಟ್ಟಿಯ ಅಂಚನ್ನು ಮೀರಿ, ಸುತ್ತ ಕಟ್ಟಿರುವ ಲಾಂಡರ್ ಎಂಬ ದಂಬೆಗೆ ಸುರಿಯುತ್ತದೆ. ದಂಬೆಯಲ್ಲಿ ಹರಿದುಹೋಗುವುದು ಕಾನ್ಸಂಟ್ರೇಟ್, ಅಂದರೆ ಸಾಂದ್ರಗೊಂಡ ಅದಿರು. ತಳದಿಂದ ಹೊರಹೋಗುವ ಕಲ್ಲುಹಿಟ್ಟು ಟೇಲಿಂಗ್ಸ್, ಅಂದರೆ ಬಿಸುಡುವ ಉಳಿಕೆ. ಶೇಕಡಾ 1ರಷ್ಟು ತಾಮ್ರವಿರುವ ಅದಿರಿನಿಂದ ಶೇಕಡಾ 90ರಷ್ಟು ಲೋಹವನ್ನು ಹಿಡಿದು ಶೇಕಡಾ 25ರ ಕಾನ್ಸಂಟ್ರೇಟ್ ಮಾಡಬೇಕಾದರೆ, ಒಂದು ಟನ್ ಕಾನ್ಸಂಟ್ರೇಟಿಗೆ ಸುಮಾರು 28 ಟನ್ ಅದಿರು ಈ ತೊಟ್ಟಿಗಳನ್ನು ಹಾದುಹೋಗಬೇಕಾಗುತ್ತದೆ.

ನೊರೆ ಎಂದರೆ ಕಣಗಳನ್ನು ಹೊತ್ತೊಯ್ಯುವ ಬರಿಯ ಬಂಡಿಯಲ್ಲ, ಅದು ಕೊನೆಯ ಹಂತದ ಜರಡಿಯೂ ಹೌದು. ಗುಳ್ಳೆಗಳು ಸ್ಲರಿಯಿಂದ ನೊರೆಯೊಳಗೆ ನುಗ್ಗುವಾಗ ತಮ್ಮ ನಡುವಿನ ಸಂದುಗಳಲ್ಲಿ ಒಂದಿಷ್ಟು ನೀರನ್ನೂ ಎಳೆದುಕೊಂಡು ಬರುತ್ತವೆ. ಆ ನೀರಿನ ಜೊತೆ ಯಾವ ಗುಳ್ಳೆಗೂ ಅಂಟದ ನುಣ್ಣನೆಯ ಮರಳೂ ಬಿಟ್ಟಿಯಾಗಿ ಮೇಲೇರುತ್ತದೆ. ನೊರೆಯ ಪದರ ದಪ್ಪವಾಗಿದ್ದರೆ ಈ ನೀರು ಬಸಿದು ಕೆಳಗಿಳಿಯಲು ಸಮಯ ಸಿಗುತ್ತದೆ, ಅದರೊಡನೆ ಮರಳೂ ಇಳಿದು ಕಾನ್ಸಂಟ್ರೇಟ್ ಶುದ್ಧವಾಗುತ್ತದೆ. ಆದರೆ ಅಷ್ಟೇ ಹೊತ್ತಿನಲ್ಲಿ ಗುಳ್ಳೆಗಳೂ ಒಂದರೊಡನೊಂದು ಕೂಡಿ ಒಡೆಯುವುದರಿಂದ, ಅಂಟಿಕೊಂಡಿದ್ದ ತಾಮ್ರದ ಕಣಗಳಲ್ಲಿ ಕೆಲವು ಕಳಚಿ ಮತ್ತೆ ಸ್ಲರಿಗೇ ಬೀಳುತ್ತವೆ. ಪದರ ತೆಳುವಾದರೆ ಇದರ ತದ್ವಿರುದ್ಧ: ಲೋಹ ಹೆಚ್ಚು ಸಿಗುತ್ತದೆ, ಮರಳೂ ಹೆಚ್ಚು ಬರುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಕಟ್ಟುವ ಮಡ್ಡಿಯನ್ನು ಜಾಲರಿಯಿಂದ ತೆಗೆಯುವವನಿಗೂ ಇಂಥದೇ ಇಕ್ಕಟ್ಟು. ಜಾಲರಿಯನ್ನು ಆಳಕ್ಕೆ ಇಳಿಸಿದರೆ ಹಾಲೂ ಹೋಗುತ್ತದೆ, ಮೇಲೆಮೇಲೆ ಸವರಿದರೆ ಕೊಳೆ ಉಳಿಯುತ್ತದೆ. ಅಲ್ಲಿ ಎಸೆಯುವುದು ನೊರೆ, ಇಲ್ಲಿ ಬೇಕಾದದ್ದು ನೊರೆ ಎಂಬುದಷ್ಟೇ ಭೇದ. ರೋಟರ್ ಇರುವ ಸಾಮಾನ್ಯ ಸೆಲ್ಲುಗಳಲ್ಲಿ ಈ ಪದರದ ದಪ್ಪ ಕೆಲವು ಸೆಂಟಿಮೀಟರಿನಿಂದ 30 ಸೆಂಟಿಮೀಟರಿನ ಆಸುಪಾಸಿನವರೆಗೆ ಇರುತ್ತದೆ. ಮೇಲಿನಿಂದ ನೀರು ಚಿಮುಕಿಸಿ ನೊರೆಯನ್ನು ತೊಳೆಯುವ ಎತ್ತರದ ಕಾಲಂ ಸೆಲ್ಲುಗಳಲ್ಲಿ ಒಂದು ಮೀಟರನ್ನೂ ತಲುಪುವುದುಂಟು. ದಪ್ಪವನ್ನು ನೇರವಾಗಿ ಹೆಚ್ಚಿಸುವ ಕೀಲಿ ಯಾವುದೂ ಇಲ್ಲ. ತೊಟ್ಟಿಯ ಅಂಚು ಕದಲುವುದಿಲ್ಲವಾದ್ದರಿಂದ ಕೆಳಗಿನ ಸ್ಲರಿಯ ಮಟ್ಟವನ್ನು ಇಳಿಸಿದರೆ ನೊರೆ ದಪ್ಪವಾಗುತ್ತದೆ, ಏರಿಸಿದರೆ ತೆಳುವಾಗುತ್ತದೆ. ಹೀಗಾಗಿ ಅಳೆಯಬೇಕಾದ ಗೆರೆ ಇರುವುದು ನೊರೆಯ ಅಡಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ.

ಲೋಟದ ಅಂಚಿನವರೆಗೆ ನೊರೆಯುಕ್ಕಿಸಿ ಕೊಟ್ಟ ಫಿಲ್ಟರ್ ಕಾಫಿಯನ್ನು ಬೈಟು ಮಾಡಿ ಸಮನಾಗಿ ಹಂಚಿಕೊಳ್ಳಬೇಕಾದವರಿಗೆ ಈ ತೊಡಕು ಗೊತ್ತು. ನೊರೆ ಇಳಿಯುವ ತನಕ ಕಾಫಿ ಎಷ್ಟಿದೆಯೆಂದು ಹೇಳಲಾಗದು. ಸೆಲ್ಲಿನಲ್ಲಾದರೋ ನೊರೆ ಇಳಿಯುವುದೇ ಇಲ್ಲ, ಇಳಿದರೆ ಕೆಲಸ ಕೆಟ್ಟಂತೆ. ಅಲ್ಲದೆ ಸ್ಲರಿ ಎಂಬುದೂ ಅಪ್ಪಟ ದ್ರವವಲ್ಲ. ಅದರ ಗಾತ್ರದ ಹತ್ತರಲ್ಲೊಂದು ಪಾಲಿನಷ್ಟು ಗಾಳಿಯೇ ತುಂಬಿರಬಹುದು. ನೊರೆಯ ಕೆಳಭಾಗ ನೀರುನೀರಾಗಿಯೂ ಮೇಲ್ಭಾಗ ಒಣಗಿದಂತೆಯೂ ಇರುವುದರಿಂದ ಎರಡರ ನಡುವಿನ ಗಡಿ ಚಾಕುವಿನಿಂದ ಕೊಯ್ದಂತೆ ಇರುವುದಿಲ್ಲ. ಕೆರೆಯ ನೀರು, ಪೆಟ್ರೋಲ್ ಟ್ಯಾಂಕು, ಹಾಲಿನ ಡೇರಿಯ ಕ್ಯಾನು, ಇವುಗಳ ಮಟ್ಟವನ್ನು ಅಳೆಯುವ ಸಲಕರಣೆಗಳನ್ನು ಹಾಗೇ ತಂದು ಇಲ್ಲಿ ಕೂರಿಸಿದಾಗ ಅವು ಎಡವುವುದು ಈ ಕಾರಣದಿಂದ. ಶಬ್ದದ ಅಲೆಯನ್ನು ಮೇಲಿನಿಂದ ಕಳಿಸಿ ಅದರ ಮಾರ್ದನಿ ಮರಳುವ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುವ ಅಲ್ಟ್ರಾಸಾನಿಕ್ ಸಾಧನಕ್ಕೆ ನೊರೆ ಹತ್ತಿಯ ಹಾಸಿಗೆಯಿದ್ದಂತೆ. ಅಲೆ ಅದರಲ್ಲೇ ಹೂತುಹೋಗುತ್ತದೆ. ಮರಳಿ ಬಂದರೂ ಅದು ನೊರೆಯ ನೆತ್ತಿಯ ಸುದ್ದಿಯನ್ನು ಹೇಳುತ್ತದೆಯೇ ಹೊರತು ಅಡಿಯದನ್ನಲ್ಲ. ರೇಡಾರ್ ಅಲೆಗಳು ನೊರೆಯ ತೇವಕ್ಕೆ ತಕ್ಕಂತೆ ಒಮ್ಮೆ ಒಳಹೊಕ್ಕು ಒಮ್ಮೆ ಹೊರಗೇ ಉಳಿದು ಇನ್ನಷ್ಟು ಗೊಂದಲ ಮಾಡುತ್ತವೆ.

ಮೇಲಿನಿಂದ ನೋಡಲಾಗದಿದ್ದರೆ ಒಳಗಿನಿಂದ ತೂಗಬಹುದು ಎಂಬುದು ಎರಡನೆಯ ಉಪಾಯ. ತೊಟ್ಟಿಯ ಗೋಡೆಯಲ್ಲಿ, ಗಡಿಗಿಂತ ಕೆಳಗೆ, ಒತ್ತಡವನ್ನು ಅಳೆಯುವ ಸಾಧನವನ್ನು ಕೂರಿಸಿದರೆ ಅದು ತನ್ನ ಮೇಲೆ ನಿಂತಿರುವ ಸ್ಲರಿಯ ಭಾರವನ್ನು ಹೇಳುತ್ತದೆ. ಆ ಭಾರವನ್ನು ಸಾಂದ್ರತೆಯಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ಲೆಕ್ಕ ಸರಳ, ತೊಂದರೆಯಿರುವುದು ಭಾಗಿಸುವ ಸಂಖ್ಯೆಯಲ್ಲಿ. ಒಂದು ಘನ ಮೀಟರಿಗೆ 1.17 ಟನ್ ತೂಗುವ ಸ್ಲರಿ ಸಾಧನದ ಮೇಲೆ ಒಂದು ಮೀಟರ್ ಎತ್ತರಕ್ಕೆ ನಿಂತಿದೆ ಎಂದಿಟ್ಟುಕೊಂಡರೆ, ಗಿರಣಿಯಿಂದ ಬರುವ ಅದಿರು ತೆಳುವಾಗಿಯೋ, ಒಳಬಿಡುವ ಗಾಳಿ ಹೆಚ್ಚಾಗಿಯೋ ಅದರ ಸಾಂದ್ರತೆ 1.10ಕ್ಕೆ ಇಳಿದ ಕ್ಷಣದಲ್ಲಿ ಮಟ್ಟ ಒಂದಿಷ್ಟೂ ಕದಲದಿದ್ದರೂ ಸಾಧನ ಅದನ್ನು 94 ಸೆಂಟಿಮೀಟರ್ ಎಂದು ಓದುತ್ತದೆ. ಕಳೆದುಹೋದಂತೆ ಕಂಡ 6 ಸೆಂಟಿಮೀಟರನ್ನು ತುಂಬಲು ನಿಯಂತ್ರಕ ವ್ಯವಸ್ಥೆ ಸ್ಲರಿಯನ್ನು ಏರಿಸುತ್ತದೆ, ಮೇಲೆ 15 ಸೆಂಟಿಮೀಟರ್ ದಪ್ಪವಿದ್ದ ನೊರೆ 9ಕ್ಕೆ ಕುಗ್ಗುತ್ತದೆ. ದೊಡ್ಡ ಕೆರೆಯೊಂದರಲ್ಲಿ 6 ಸೆಂಟಿಮೀಟರಿನ ತಪ್ಪು ಯಾರ ಗಮನಕ್ಕೂ ಬರಲಾರದು. ಇಲ್ಲಿ ಅದು ನೊರೆಯ ಐದರಲ್ಲಿ ಎರಡು ಪಾಲನ್ನು ತಿಂದುಹಾಕುತ್ತದೆ. ನೊರೆಗೂ ತನ್ನದೇ ಆದ ತೂಕವಿದ್ದು, ಅದನ್ನೂ ಸಾಧನ ಸ್ಲರಿಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಒಂದರ ಕೆಳಗೊಂದು, ನಡುವಿನ ಅಂತರ ಗೊತ್ತಿರುವ ಎರಡು ಸಾಧನಗಳನ್ನಿಟ್ಟು, ಅವುಗಳ ವ್ಯತ್ಯಾಸದಿಂದ ಆಯಾ ಹೊತ್ತಿನ ಸಾಂದ್ರತೆಯನ್ನೇ ಕಂಡುಹಿಡಿದು ಲೆಕ್ಕವನ್ನು ತಿದ್ದುವ ಕ್ರಮವಿದೆ. ಅದು ಒಳ್ಳೆಯ ಕ್ರಮವೇ. ಆದರೆ ಹತ್ತಿರಹತ್ತಿರದ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಕಳೆದು ಉಳಿದ ಚೂರನ್ನು ನಂಬುವ ಕೆಲಸದಲ್ಲಿ ಸಾಧನದ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆಂಬುದನ್ನು ಮರೆಯುವಂತಿಲ್ಲ.

ಮೂರನೆಯ ಉಪಾಯ ಎಲ್ಲಕ್ಕಿಂತ ಹಳೆಯದು, ನೋಡಲು ಎಲ್ಲಕ್ಕಿಂತ ಒರಟು, ಬಳಕೆಯಲ್ಲಿ ಬಹುಶಃ ಎಲ್ಲಕ್ಕಿಂತ ಗಟ್ಟಿ. ತೆಂಗಿನಕಾಯಿಗಿಂತ ದೊಡ್ಡದಾದ ಟೊಳ್ಳು ಉಕ್ಕಿನ ಬುಂಡೆಯೊಂದನ್ನು, ನೊರೆಯಲ್ಲಿ ಮುಳುಗುವಷ್ಟು ಭಾರವಾಗಿಯೂ ಸ್ಲರಿಯಲ್ಲಿ ತೇಲುವಷ್ಟು ಹಗುರವಾಗಿಯೂ ಇರುವಂತೆ ತೂಕ ಹೊಂದಿಸಿ ತೊಟ್ಟಿಯೊಳಗೆ ಇಳಿಬಿಡುತ್ತಾರೆ. ಫ್ಲೋಟ್ ಎಂದು ಕರೆಯಲಾಗುವ ಈ ಬುಂಡೆ ನೊರೆಯನ್ನು ತೂರಿಕೊಂಡು ಇಳಿದು, ಯಾರೂ ಹೇಳಿಕೊಡದೆ, ಆ ಕಾಣದ ಗಡಿಯ ಮೇಲೆ ಬಂದು ಕೂರುತ್ತದೆ. ಅದರ ನೆತ್ತಿಯಿಂದ ನೆಟ್ಟಗೆ ಮೇಲಕ್ಕೆ ಹೊರಟ ಸರಳು ನೊರೆಯ ಆಚೆಗೆ, ತೊಟ್ಟಿಯ ಅಂಚಿಗಿಂತ ಮೇಲೆ ಹಾಯ್ದು, ತುದಿಯಲ್ಲಿ ಊಟದ ತಟ್ಟೆಯಂಥ ಒಂದು ಬಿಲ್ಲೆಯನ್ನು ಹೊತ್ತಿರುತ್ತದೆ. ಬುಂಡೆ ಅತ್ತಿತ್ತ ತೇಲಿಹೋಗದಂತೆ, ರೋಟರಿನ ಅಲೆಗಳ ಹೊಡೆತಕ್ಕೆ ಕುಣಿಯದಂತೆ ಅದರ ಸುತ್ತ ಒಂದು ಅಗಲವಾದ ಕೊಳವೆಯನ್ನೂ, ಸರಳಿಗೆ ಒಂದು ಬಳೆಯನ್ನೂ ಕೊಟ್ಟಿರುತ್ತಾರೆ. ನೊರೆಯಲ್ಲಿ ಹೂತುಹೋಗುತ್ತಿದ್ದ ಅದೇ ಅಲ್ಟ್ರಾಸಾನಿಕ್ ಸಾಧನವನ್ನು ಈಗ ಈ ಬಿಲ್ಲೆಯ ಮೇಲೆ, ಒಂದೆರಡು ಮೊಳ ಎತ್ತರದಲ್ಲಿ ನೇತುಹಾಕಿದರೆ, ಶಬ್ದಕ್ಕೆ ಬಡಿದು ಮರಳಲು ಗಟ್ಟಿಯಾದ, ಸಪಾಟಾದ, ಒಣಗಿದ ಗುರಿ ಸಿಕ್ಕಂತಾಯಿತು. ಬಿಲ್ಲೆ ಏರಿದಷ್ಟು ಗಡಿ ಏರಿದೆ, ಇಳಿದಷ್ಟು ಇಳಿದಿದೆ. ಗಾಳಿಯ ಉಷ್ಣತೆ ಬದಲಾದಂತೆ ಶಬ್ದದ ವೇಗವೂ ಬದಲಾಗುವುದರಿಂದ, 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಒಂದು ಮೀಟರ್ ದೂರದಲ್ಲಿ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ತಪ್ಪಬಹುದಾಗಿದ್ದು, ಅದನ್ನು ಸರಿದೂಗಿಸಲು ಸಾಧನದೊಳಗೇ ಉಷ್ಣಮಾಪಕವಿರುತ್ತದೆ.

ಫ್ಲೋಟಿಗೆ ಒತ್ತಡದ ಸಾಧನಕ್ಕಿರುವ ದೌರ್ಬಲ್ಯ ಇಲ್ಲವೇ ಎಂದರೆ ಇದೆ, ಆದರೆ ಬಹಳ ಕಡಿಮೆ. 25 ಸೆಂಟಿಮೀಟರ್ ವ್ಯಾಸದ ಬುಂಡೆ ಸರಳು, ಬಿಲ್ಲೆಗಳ ಸಮೇತ 5 ಕಿಲೋ ತೂಗುತ್ತದೆಂದು ಊಹಿಸಿದರೆ, ಮೇಲೆ ಹೇಳಿದ 1.17ರ ಸ್ಲರಿಯಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು ಮುಳುಗಿ ತೇಲುತ್ತದೆ. ಸಾಂದ್ರತೆ 1.10ಕ್ಕೆ ಇಳಿದಾಗ ಅದು ಇನ್ನೂ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಒತ್ತಡದ ಸಾಧನ 6 ಸೆಂಟಿಮೀಟರ್ ತಪ್ಪಿದ ಕಡೆ ಇದರ ತಪ್ಪು ಅದರ ಸುಮಾರು ಹತ್ತನೆಯ ಒಂದು ಭಾಗ. ಕಾರಣವಿಷ್ಟೇ: ಒತ್ತಡದ ಸಾಧನ ತನ್ನ ಮೇಲಿನ ಇಡೀ ಕಂಬವನ್ನು ತೂಗಬೇಕು, ಬುಂಡೆಗೆ ತಾನು ಮುಳುಗಿದಷ್ಟು ಆಳದ ಚಿಂತೆ ಮಾತ್ರ. ಫ್ಲೋಟಿನ ನಿಜವಾದ ಶತ್ರು ಬೇರೆಯೇ ಇದೆ, ಅದು ಕೊಳೆ. ತಾಮ್ರದ ಅದಿರನ್ನು ತೇಲಿಸುವಾಗ ಕಬ್ಬಿಣದ ಪೈರೈಟ್ ಎಂಬ ಖನಿಜ ಜೊತೆಗೆ ಮೇಲೆ ಬರದಂತೆ ತಡೆಯಲು ಸ್ಲರಿಗೆ ಸುಣ್ಣ ಸೇರಿಸುವುದು ರೂಢಿ. ಆ ಸುಣ್ಣ ಮನೆಯ ಬಿಸಿನೀರಿನ ಹಂಡೆಯ ಒಳಮೈಯ ಪೊರೆಯಂತೆ ಬುಂಡೆಯ ಮೇಲೆ ಪದರಪದರವಾಗಿ ಕಟ್ಟುತ್ತದೆ. ಅದರ ಮೇಲೆ ನೊರೆಯಿಂದ ಇಳಿದ ಕಾನ್ಸಂಟ್ರೇಟ್ ಹೆಪ್ಪುಗಟ್ಟುತ್ತದೆ. ಬಿಲ್ಲೆಯ ಮೇಲೂ ಸಿಡಿದ ರಾಡಿ ಒಣಗಿ ಕೂರುತ್ತದೆ. ಇವೆಲ್ಲ ಸೇರಿ ಒಂದು ಕಿಲೋ ಆದರೆ ಬುಂಡೆ ಸುಮಾರು 2 ಸೆಂಟಿಮೀಟರ್ ಹೆಚ್ಚು ಮುಳುಗುತ್ತದೆ. ಸರಳು ಬಳೆಗೆ ಅಂಟಿಕೊಂಡುಬಿಟ್ಟರಂತೂ ಮಟ್ಟ ಏರಲಿ ಇಳಿಯಲಿ ಪರದೆಯ ಮೇಲೆ ಒಂದೇ ಸಂಖ್ಯೆ, ಬೇರೆ ಯಾವ ದೋಷಕ್ಕೂ ಇಲ್ಲದ ಸ್ಥಿರತೆಯಿಂದ, ಗಂಟೆಗಟ್ಟಲೆ ನಿಂತಿರುತ್ತದೆ. ಅನುಭವಿ ಕೆಲಸಗಾರ ಕುಣಿಯುವ ಸಂಖ್ಯೆಗಿಂತ ನಿಶ್ಚಲವಾದ ಸಂಖ್ಯೆಯನ್ನು ಹೆಚ್ಚು ಅನುಮಾನಿಸುತ್ತಾನೆ.

ವಿದ್ಯುತ್ತನ್ನು ಬಳಸುವ ಉಪಾಯ ಇವೆಲ್ಲಕ್ಕಿಂತ ಜಾಣತನದ್ದು. ಸ್ಲರಿಯ ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ನೊರೆಯಲ್ಲಿ ಗಾಳಿಯೇ ಹೆಚ್ಚಾದ್ದರಿಂದ ಗುಳ್ಳೆಗಳ ನಡುವಿನ ತೆಳ್ಳನೆಯ ನೀರಿನ ಪೊರೆಗಳಲ್ಲಿ ಮಾತ್ರ ದಾರಿ ಹುಡುಕಿಕೊಂಡು ಹೋಗಬೇಕಾಗುತ್ತದೆ, ನೊರೆಯ ಮೇಲಿನ ಬಯಲಿನಲ್ಲಿ ಹರಿಯುವುದೇ ಇಲ್ಲ. ಒಂದು ಕೋಲಿನ ಉದ್ದಕ್ಕೂ ಸಣ್ಣ ಅಂತರದಲ್ಲಿ ಎಲೆಕ್ಟ್ರೋಡುಗಳ ಉಂಗುರಗಳನ್ನು ತೊಡಿಸಿ ತೊಟ್ಟಿಯೊಳಗೆ ನಿಲ್ಲಿಸಿ, ಪಕ್ಕಪಕ್ಕದ ಉಂಗುರಗಳ ನಡುವಿನ ವಾಹಕತೆಯನ್ನು ಅಳೆಯುತ್ತ ಹೋದರೆ, ವಾಹಕತೆ ಎಲ್ಲಿ ಥಟ್ಟನೆ ಕುಸಿಯುತ್ತದೋ ಅಲ್ಲಿ ಗಡಿ. ಚಿಕ್ಕ ಗುಂಡುಗಳು ಹರಡಿಕೊಂಡಿರುವ ಮಾಧ್ಯಮದ ವಾಹಕತೆಯನ್ನು ಲೆಕ್ಕ ಹಾಕುವ ಸೂತ್ರವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 19ನೇ ಶತಮಾನದಲ್ಲೇ ಕೊಟ್ಟಿದ್ದು, ಅದನ್ನು ಬಳಸಿ ಸ್ಲರಿಯಲ್ಲಿ ಎಷ್ಟು ಗಾಳಿ ತುಂಬಿದೆಯೆಂಬುದನ್ನೂ ಇದೇ ತತ್ವದ ಸಾಧನಗಳಿಂದ ಅಂದಾಜು ಮಾಡುತ್ತಾರೆ. ಗಡಿ ಒಂದು ಗೆರೆಯಲ್ಲ, ಕ್ರಮೇಣ ಬದಲಾಗುವ ಪಟ್ಟಿ ಎಂಬ ಸತ್ಯವನ್ನು ಒಪ್ಪಿಕೊಂಡು ಕೆಲಸ ಮಾಡುವುದು ಈ ಸಾಧನದ ಹೆಚ್ಚುಗಾರಿಕೆ. ಅದರ ದುರ್ದೈವವೆಂದರೆ ಸಲ್ಫೈಡ್ ಖನಿಜಗಳಲ್ಲಿ ಹಲವು ತಾವೇ ವಿದ್ಯುತ್ ವಾಹಕಗಳು. ಕೋಲಿನ ಮೈಗೆ ಅವು ಮೆತ್ತಿಕೊಂಡರೆ ಉಂಗುರದಿಂದ ಉಂಗುರಕ್ಕೆ ಕಳ್ಳದಾರಿ ತೆರೆದು, ಇಲ್ಲದ ಸ್ಲರಿಯನ್ನು ಇದೆಯೆಂದು ತೋರಿಸುತ್ತವೆ.

ಅಳತೆಯ ಈ ಪಾಡೆಲ್ಲ ಯಾಕೆಂದರೆ ಅಳೆದದ್ದರ ಮೇಲೆ ಕವಾಟವೊಂದು ಕಾಯುತ್ತಿರುತ್ತದೆ. ತೊಟ್ಟಿಯಿಂದ ಉಳಿಕೆ ಹೊರಹೋಗುವ ಬಾಯಿಗೆ ಬುಗುರಿಯಾಕಾರದ ಬಿರಡೆಯೊಂದನ್ನು ಇಳಿಬಿಟ್ಟು, ಅದನ್ನು ಎತ್ತಿ ಇಳಿಸಿ ಸ್ಲರಿಯ ಮಟ್ಟವನ್ನು ಹಿಡಿದಿಡುತ್ತಾರೆ. ಇದಕ್ಕೆ ಡಾರ್ಟ್ ವಾಲ್ವ್ ಎಂದು ಹೆಸರು. ಸೆಲ್ಲುಗಳು ಗದ್ದೆಯ ಮಡಿಗಳಂತೆ ಒಂದಕ್ಕಿಂತ ಒಂದು ತಗ್ಗಿನಲ್ಲಿ ಸಾಲಾಗಿರುವುದರಿಂದ, ಮೊದಲ ಮಡಿಯ ಬಾಯಿಯನ್ನು ಸ್ವಲ್ಪ ಹೆಚ್ಚು ತೆರೆದರೂ ಆ ಅಲೆ ಕೊನೆಯ ಮಡಿಯವರೆಗೆ ಹರಿದುಹೋಗಿ, ಪ್ರತಿಯೊಂದು ಸೆಲ್ಲೂ ತನ್ನದಲ್ಲದ ತಪ್ಪಿಗೆ ಏರಿಳಿಯುತ್ತದೆ. ಇದನ್ನು ತಪ್ಪಿಸಲು ಮೇಲಿನ ಸೆಲ್ಲಿನ ಬಿರಡೆ ಅಲುಗಿದ ಸುದ್ದಿಯನ್ನು ಅದರ ಅಲೆ ತಲುಪುವ ಮೊದಲೇ ಕೆಳಗಿನ ಸೆಲ್ಲುಗಳಿಗೆ ತಿಳಿಸುವ ನಿಯಂತ್ರಣ ಕ್ರಮಗಳು ಈಗ ಸಾಮಾನ್ಯವಾಗಿವೆ. ತೊಟ್ಟಿಗಳ ಗಾತ್ರ ಬೆಳೆದಂತೆ ಒಂದೊಂದು ಸೆಂಟಿಮೀಟರಿನ ಬೆಲೆಯೂ ಬೆಳೆದಿದೆ. ಹಿಂದೆ ಕೆಲವೇ ಘನ ಮೀಟರ್ ಹಿಡಿಯುತ್ತಿದ್ದ ಸೆಲ್ಲುಗಳ ಜಾಗದಲ್ಲಿ ಇಂದು 600 ಘನ ಮೀಟರನ್ನೂ ಮೀರುವವು ಬಂದಿವೆ. 8 ಮೀಟರ್ ವ್ಯಾಸದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 500 ಲೀಟರ್ ಸ್ಲರಿ.

ಗಡಿಯನ್ನು ಎಷ್ಟೇ ನಿಖರವಾಗಿ ಹಿಡಿದರೂ ಅಂಚಿನ ಮೇಲೆ ನೊರೆ ನಿಜಕ್ಕೂ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. 15 ಸೆಂಟಿಮೀಟರ್ ದಪ್ಪದ ನೊರೆ ರಭಸದಿಂದ ದಂಬೆಗೆ ಬೀಳುತ್ತಿರಬಹುದು, ಅಷ್ಟೇ ದಪ್ಪದ್ದು ಕೆನೆಗಟ್ಟಿದ ಹಾಲಿನಂತೆ ಕದಲದೆ ನಿಂತು ಒಳಗೊಳಗೇ ಒಡೆಯುತ್ತಲೂ ಇರಬಹುದು. ಇದಕ್ಕಾಗಿ ಸೆಲ್ಲಿನ ಮೇಲೆ ಕ್ಯಾಮೆರಾಗಳನ್ನು ಕೂರಿಸಿ ನೊರೆಯ ವೇಗ, ಗುಳ್ಳೆಗಳ ಗಾತ್ರ, ಬಣ್ಣಗಳನ್ನು ಓದುವ ಕ್ರಮ ಬೆಳೆದಿದೆ. ಹಿಂದೆ ಇದೇ ಕೆಲಸವನ್ನು ಕಟಕಟೆಗೆ ಒರಗಿ ನಿಂತ ಕೆಲಸಗಾರ ಕಣ್ಣಳತೆಯಲ್ಲಿ ಮಾಡುತ್ತಿದ್ದ, ಎಷ್ಟೋ ಕಡೆ ಈಗಲೂ ಮಾಡುತ್ತಾನೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಯಾನ್ ಸಿಲಿಯರ್ಸ್ ಮತ್ತು ಅವರ ಸಂಗಡಿಗರು, ಸೆಲ್ಲಿಗೆ ಕೊಟ್ಟ ಗಾಳಿಯಲ್ಲಿ ಎಷ್ಟು ಪಾಲು ಒಡೆಯದ ಗುಳ್ಳೆಗಳಾಗಿ ಅಂಚನ್ನು ದಾಟುತ್ತದೆ ಎಂಬ ಲೆಕ್ಕಕ್ಕೆ ಒತ್ತುಕೊಟ್ಟಿದ್ದಾರೆ. ಅದಕ್ಕೆ ಬೇಕಾದ ಅಳತೆಗಳು ಅಂಚಿನ ಮೇಲೆ ಹಾಯುವ ನೊರೆಯ ಎತ್ತರ, ಅದರ ವೇಗ, ಅಂಚಿನ ಉದ್ದ, ಒಳಬಿಟ್ಟ ಗಾಳಿಯ ಪ್ರಮಾಣ. ಗಾಳಿಯನ್ನು ಹೆಚ್ಚಿಸುತ್ತ ಹೋದಂತೆ ಈ ಪಾಲು ಏರಿ, ಒಂದು ಶಿಖರವನ್ನು ಮುಟ್ಟಿ, ಮತ್ತೆ ಇಳಿಯುತ್ತದೆ. ಆ ಶಿಖರದ ಹತ್ತಿರ ಸೆಲ್ಲನ್ನು ನಡೆಸಿದಾಗ ಲೋಹದ ಗಳಿಕೆ ಸುಧಾರಿಸುವುದನ್ನು ಗಿರಣಿಗಳಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಮಟ್ಟವನ್ನು ಎಲ್ಲಿಡಬೇಕು ಎಂಬುದಕ್ಕೆ ಮೇಸ್ತ್ರಿಯ ಅಂದಾಜಿಗಿಂತ ಗಟ್ಟಿಯಾದ ಆಧಾರವನ್ನು ಇದು ಕೊಟ್ಟಿದೆಯಾದರೂ, ಮಟ್ಟ ಈಗ ಎಲ್ಲಿದೆ ಎಂಬ ಹಳೆಯ ಪ್ರಶ್ನೆಯನ್ನು ಅದು ಫ್ಲೋಟಿನ ಪಾಲಿಗೇ ಬಿಟ್ಟಿದೆ.

ಆ ಫ್ಲೋಟನ್ನು ನಂಬಬಹುದೇ ಎಂದು ನೋಡುವ ವಿಧಾನದಲ್ಲಿ ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ಅಳತೆಯ ಗೆರೆಗಳಿರುವ ಕೋಲಿನ ತುದಿಗೆ ಹಗುರವಾದ ಬಿಲ್ಲೆಯನ್ನು ಸಿಕ್ಕಿಸಿ ನೊರೆಯೊಳಗೆ ಮೆಲ್ಲನೆ ಇಳಿಸಿದರೆ, ಅದು ಸ್ಲರಿಯನ್ನು ಮುಟ್ಟಿದಾಗ ಕೈಗೆ ಸಣ್ಣದೊಂದು ತಡೆ ತಿಳಿಯುತ್ತದೆ. ಆಗ ತೊಟ್ಟಿಯ ಅಂಚಿಗೆ ಕೋಲಿನ ಯಾವ ಗೆರೆ ಬಂದಿದೆಯೋ ಅದೇ ನೊರೆಯ ದಪ್ಪ. ಆ ಅಂಕಿಗೂ ಪರದೆಯ ಅಂಕಿಗೂ ತಾಳೆಯಾಗದಿದ್ದಾಗ ಕೆಲಸಗಾರ ನೀರಿನ ಪೈಪು ತಂದು ಬಳೆ, ಸರಳು, ಬಿಲ್ಲೆಗಳನ್ನು ತೊಳೆದು, ಬುಂಡೆಯನ್ನು ಸರಳು ಹಿಡಿದು ಮೇಲೆತ್ತಿ, ಅದರ ಮೈಗೆ ಕಚ್ಚಿದ ಬೂದುಬಣ್ಣದ ಹೆಪ್ಪನ್ನು ಕೆರೆದು ತೆಗೆದು ಮತ್ತೆ ಇಳಿಬಿಡುತ್ತಾನೆ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಸ್ಲರಿಯ ಮಟ್ಟ ಒಮ್ಮೆಲೇ 2 ಸೆಂಟಿಮೀಟರ್ ಮೇಲಕ್ಕೆ ಜಿಗಿಯುತ್ತದೆ, ಬಿರಡೆ ತುಸು ಏಳುತ್ತದೆ, ಇಳಿಯತೊಡಗಿದ ಸ್ಲರಿಯ ಮೇಲೆ ನೊರೆ ಮತ್ತೆ ದಪ್ಪವಾಗತೊಡಗುತ್ತದೆ.